ಸ್ಕ್ರೀನ್ ಕೆಂಪಾಯಿತು, ಅಲಾರಾಂ ಹೊಡೆಯಿತು: ನನ್ನ ಕಂಪ್ಯೂಟರ್‌ಗೆ ವೈರಸ್ ಬಂದಿದೆಯಾ?

ಪ್ರಶ್ನೆ: ಚಾಮರಾಜಪೇಟೆಯಲ್ಲಿ ಮನೆಯ ಮುಂದಿನ ರೂಮಿನಲ್ಲೇ ಚಿಕ್ಕದಾಗಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಬಾಡಿಗೆ ಕರಾರು, ಅರ್ಜಿ ಟೈಪಿಂಗ್, ಪ್ರಿಂಟ್‌ಔಟ್ ಇಷ್ಟೇ ಕೆಲಸ. ಕಂಪ್ಯೂಟರ್ ಸೆಕೆಂಡ್ ಹ್ಯಾಂಡ್, ವಿಂಡೋಸ್ 10. ಹೋದ ವಾರ ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶದ ಒಂದು ಫಾಂಟ್ ಬೇಕಾಗಿ ಗೂಗಲ್‌ನಲ್ಲಿ ಹುಡುಕಿ, ಹಸಿರು ಬಣ್ಣದ ಡೌನ್‌ಲೋಡ್ ಬಟನ್ ಒತ್ತಿದೆ. ತಕ್ಷಣ ಸ್ಕ್ರೀನ್ ಪೂರ್ತಿ ಕೆಂಪಾಯಿತು. ಜೋರಾಗಿ ಅಲಾರಾಂ ಬೇರೆ. ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಮೈಕ್ರೋಸಾಫ್ಟ್‌ಗೆ ಫೋನ್ ಮಾಡಿ ಎಂದು ಇಂಗ್ಲಿಷಿನಲ್ಲಿ ಒಂದು ನಂಬರ್ ಬಂತು. ಗಾಬರಿಯಲ್ಲಿ ಮಾಡಿಯೇಬಿಟ್ಟೆ. ಆ ಕಡೆಯವರು ಎನಿಡೆಸ್ಕ್ ಎಂಬ ಪ್ರೋಗ್ರಾಂ ಹಾಕಿಸಿದರು. ಅದರಲ್ಲಿ ಬಂದ ನಂಬರ್ ಹೇಳಿ ಅಕ್ಸೆಪ್ಟ್ ಒತ್ತಿದೆ. ಕರ್ಸರ್ ತಾನಾಗಿಯೇ ಓಡಾಡಿತು. ಕಪ್ಪು ಕಿಟಕಿಯಲ್ಲಿ ಸಾಲು ಸಾಲು ಅಕ್ಷರ ಓಡಿಸಿದರು. ಇನ್ನೊಂದು ಕಡೆ ಕೆಂಪು ಗುರುತುಗಳ ದೊಡ್ಡ ಪಟ್ಟಿ ತೋರಿಸಿ, ಇವೆಲ್ಲ ವೈರಸ್ ಎಂದರು. ₹9,999 ಕಟ್ಟಿ ಎಂದಾಗ ಅನುಮಾನ ಬಂದು ವೈರ್ ಕಿತ್ತುಬಿಟ್ಟೆ. ದುಡ್ಡು ಹೋಗಿಲ್ಲ. ಆದರೆ ಅಷ್ಟು ಹೊತ್ತಿಗೆ ಅರ್ಧ ಗಂಟೆಯಾಗಿತ್ತು. ಈಗ ಮೈದುನ ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸಿ ಅಂತಾನೆ. ಪಕ್ಕದ ಮನೆ ಹುಡುಗ ಫಾರ್ಮ್ಯಾಟ್ ಹೊಡೆಸಿ ಆಂಟಿ ಅಂತಾನೆ. ಗಿರಾಕಿಯೊಬ್ಬರು ವಿಂಡೋಸ್ 10 ಕಾಲ ಮುಗೀತು, ಕಂಪ್ಯೂಟರೇ ಬಿಸಾಕಿ ಅಂದರು. ಬ್ಯಾಂಕ್ ಪಾಸ್‌ವರ್ಡ್ ಕ್ರೋಮ್‌ನಲ್ಲೇ ಸೇವ್ ಆಗಿದೆ. ಫೋಟೋಶಾಪ್, ಕೋರಲ್ ಡ್ರಾ ಎಲ್ಲ ಮಗ ಎಲ್ಲಿಂದಲೋ ಫ್ರೀಯಾಗಿ ಇಳಿಸಿದ್ದು. ದಿನಾ ಹತ್ತಾರು ಜನ ಪೆನ್‌ಡ್ರೈವ್ ತರುತ್ತಾರೆ. ವೈರಸ್ ನಿಜವಾಗಿ ಇದೆಯಾ? ಯಾರ ಮಾತು ಕೇಳಲಿ?

ಉತ್ತರ: ವೈರ್ ಕಿತ್ತಿದ್ದು ಒಳ್ಳೆಯದೇ ಆಯಿತು. ಆ ಹೊತ್ತಿನಲ್ಲಿ ಅದಕ್ಕಿಂತ ಸರಿಯಾದ ಕೆಲಸ ಇರಲಿಲ್ಲ. ದುಡ್ಡೂ ಹೋಗಿಲ್ಲ. ಮೊದಲು ಸ್ವಲ್ಪ ನಿರಾಳವಾಗಿ.

ನಿಮ್ಮನ್ನು ಹೆದರಿಸಿದ್ದು ಕೆಂಪು ಪರದೆ. ಅದು ವೈರಸ್ ಅಲ್ಲ. ಆದರೆ ಪತ್ರದ ಕೊನೆಯಲ್ಲಿ ಸುಮ್ನೆ ಹೇಳಿ ಮುಂದೆ ಹೋದ ಎರಡು ಮಾತುಗಳಿವೆಯಲ್ಲ, ಮಗ ಎಲ್ಲಿಂದಲೋ ಇಳಿಸಿದ ಫೋಟೋಶಾಪ್ ಮತ್ತು ಕ್ರೋಮ್‌ನಲ್ಲಿ ಸೇವ್ ಆದ ಪಾಸ್‌ವರ್ಡ್, ನನಗೆ ಚಿಂತೆಯಾಗಿದ್ದು ಅವನ್ನು ಓದಿ. ಕಂಪ್ಯೂಟರ್ ಸುರಕ್ಷತೆಯ ಕೆಲಸದಲ್ಲಿ ಇರುವವರು ದಿನಾ ನೋಡುವ ವಿಷಯ ಇದು. ಸ್ಕ್ರೀನ್ ಮೇಲೆ ಕೂಗಾಡುವುದು ಸಾಮಾನ್ಯವಾಗಿ ಬರೀ ಬೆದರಿಕೆ. ನಿಜವಾಗಿ ಕದಿಯುವ ಪ್ರೋಗ್ರಾಂ ತಾನು ಬಂದಿದ್ದೇನೆ ಎಂದು ಹೇಳುವುದೇ ಇಲ್ಲ.

ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಆ ಕಂಪ್ಯೂಟರ್‌ನ ಇಂಟರ್ನೆಟ್ ಕೇಬಲ್ ತೆಗೆದಿಡಿ, ವೈಫೈ ಇದ್ದರೆ ಆಫ್ ಮಾಡಿ. ನಿಮ್ಮ ಫೋನ್‌ನಿಂದ ಮೊದಲು ಜಿಮೇಲ್ ಪಾಸ್‌ವರ್ಡ್ ಬದಲಿಸಿ, ಆಮೇಲೆ ಬ್ಯಾಂಕಿನದು. ಈ ಕೆಲಸವನ್ನು ಅದೇ ಕಂಪ್ಯೂಟರ್‌ನಲ್ಲಿ ಮಾಡಬೇಡಿ. ಅಲ್ಲಿ ಕಳ್ಳ ಪ್ರೋಗ್ರಾಂ ಏನಾದರೂ ಕೂತಿದ್ದರೆ ಹೊಸ ಪಾಸ್‌ವರ್ಡನ್ನೂ ನೀವೇ ಅದರ ಕೈಗೆ ಕೊಟ್ಟಂತಾಗುತ್ತದೆ. ಬ್ಯಾಂಕ್‌ಗಿಂತ ಜಿಮೇಲ್ ಯಾಕೆ ಮೊದಲು ಅಂತ ಕೇಳಬಹುದು. ಬೇರೆ ಹೆಚ್ಚಿನ ಖಾತೆಗಳ ಪಾಸ್‌ವರ್ಡ್ ಮರೆತಾಗ ಹೊಸದು ಮಾಡಿಕೊಳ್ಳುವ ಲಿಂಕ್ ಬರುವುದು ಅಲ್ಲಿಗೇ. ಮೇಲ್ ಕೈಗೆ ಸಿಕ್ಕವರಿಗೆ ಉಳಿದಿದ್ದು ಒಂದೊಂದಾಗಿ ಸಿಗುತ್ತದೆ.

ಈಗ ಕೆಂಪು ಪರದೆಗೆ ಬರೋಣ. ಅದು ಒಂದು ವೆಬ್‌ಪುಟ, ಅಷ್ಟೇ. ಯೂಟ್ಯೂಬ್ ವಿಡಿಯೋ ಸ್ಕ್ರೀನ್ ತುಂಬ ಹರಡಿಕೊಳ್ಳುತ್ತದಲ್ಲ, ಅದೇ ಸೌಲಭ್ಯ ಬಳಸಿ ಈ ಪುಟವೂ ಹರಡಿಕೊಳ್ಳುತ್ತದೆ. ಮೌಸ್ ಬಾಣವನ್ನು ಅಡಗಿಸುತ್ತದೆ, ಅಲಾರಾಂ ಹಾಕುತ್ತದೆ, ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನ ಚಿತ್ರ ತೋರಿಸುತ್ತದೆ. ಕಂಪ್ಯೂಟರ್ ಲಾಕ್ ಆದಂತೆ ಕಾಣುತ್ತದೆ, ಆಗಿರುವುದಿಲ್ಲ. ಎಸ್ಕೇಪ್ ಕೀಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ದೊಡ್ಡ ಪರದೆ ಚಿಕ್ಕದಾಗುತ್ತದೆ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ, ಅಲ್ಲಿ ಕ್ರೋಮ್ ಮುಚ್ಚಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ರಿಸ್ಟೋರ್ ಮಾಡಲೇ ಎಂದು ಅದು ಕೇಳುತ್ತದೆ. ಬೇಡ ಅನ್ನಿ, ಇಲ್ಲದಿದ್ದರೆ ಅದೇ ಪುಟ ಮತ್ತೆ ಬಂದು ಕೂರುತ್ತದೆ.

ಮೈಕ್ರೋಸಾಫ್ಟ್‌ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಇದನ್ನು ಆ ಕಂಪನಿಯೇ ಹೇಳಿದೆ. ನಂಬರ್ ಕಂಡರೆ ಅದು ಮೋಸ. ಈ ಒಂದು ಗುರುತು ಸಾಕು, ಬೇರೇನೂ ಪರೀಕ್ಷೆ ಮಾಡಬೇಕಿಲ್ಲ.

ಆ ಕಡೆಯವರು ತೋರಿಸಿದ ಪಟ್ಟಿಯ ಗುಟ್ಟೂ ಹೇಳುತ್ತೇನೆ. ಕೆಂಪು, ಹಳದಿ ಗುರುತುಗಳಿದ್ದ ಆ ಜಾಗದ ಹೆಸರು ಇವೆಂಟ್ ವ್ಯೂವರ್. ಪ್ರತಿ ವಿಂಡೋಸ್‌ನಲ್ಲೂ ಇರುತ್ತದೆ. ಪ್ರಿಂಟರ್ ಸಿಗಲಿಲ್ಲ, ಒಂದು ಸರ್ವೀಸ್ ಎರಡು ಸೆಕೆಂಡ್ ತಡವಾಗಿ ಶುರುವಾಯಿತು, ಇಂಥ ಚಿಲ್ಲರೆ ವಿಷಯವನ್ನೆಲ್ಲ ವಿಂಡೋಸ್ ಅಲ್ಲಿ ಎರರ್ ಎಂದು ಬರೆದಿಟ್ಟುಕೊಳ್ಳುತ್ತದೆ. ನಿನ್ನೆ ತಾನೇ ಕೊಂಡ ಕಂಪ್ಯೂಟರ್‌ನಲ್ಲೂ ಅಂಥ ಕೆಂಪು ಗುರುತು ಸಿಗುತ್ತದೆ. ಕಪ್ಪು ಕಿಟಕಿಯಲ್ಲಿ ಓಡಿದ ಅಕ್ಷರಗಳು ಸಾಮಾನ್ಯವಾಗಿ ನಿಮ್ಮದೇ ಫೈಲ್‌ಗಳ ಹೆಸರಿನ ಪಟ್ಟಿಯಾಗಿರುತ್ತವೆ. ಒಂದು ಕಮಾಂಡ್ ಕೊಟ್ಟರೆ ಅದು ಸ್ಕ್ಯಾನ್ ನಡೆಯುತ್ತಿರುವ ಹಾಗೆ ಸರಸರ ಓಡುತ್ತದೆ. ಈ ಹಳೇ ನಾಟಕವನ್ನು ಇನ್ನೂ ಬದಲಿಸಿಲ್ಲ. ಬದಲಿಸುವ ಅಗತ್ಯವೇ ಅವರಿಗೆ ಬಂದಿಲ್ಲ ಅನ್ನಿ.

ಅಂದಮೇಲೆ ಏನೂ ಆಗಿಲ್ಲವಾ? ಅಲ್ಲಿಯೇ ಸ್ವಲ್ಪ ನಿಲ್ಲಬೇಕು. ಪುಟ ಸುಳ್ಳಾದರೂ ಆಮೇಲೆ ನೀವು ಹಾಕಿದ ಎನಿಡೆಸ್ಕ್ ನಿಜ. ಅದು ತಾನಾಗಿ ಕೆಟ್ಟ ಪ್ರೋಗ್ರಾಂ ಅಲ್ಲ. ಆಫೀಸ್‌ಗಳಲ್ಲಿ ದೂರದಿಂದ ರಿಪೇರಿ ಮಾಡಲು ದಿನಾ ಬಳಸುತ್ತಾರೆ. ಅದಕ್ಕೇ ಆಂಟಿವೈರಸ್‌ಗಳು ಸಾಮಾನ್ಯವಾಗಿ ಅದನ್ನು ತಡೆಯುವುದಿಲ್ಲ. ನೀವು ಅಕ್ಸೆಪ್ಟ್ ಒತ್ತಿದ ಮೇಲೆ ಅವರು ನಿಮ್ಮ ಕುರ್ಚಿಯಲ್ಲೇ ಕೂತಂತೆ. ಅರ್ಧ ಗಂಟೆಯಲ್ಲಿ ಏನೇನು ಮಾಡಬಹುದು? ಮುಂದಿನ ಸಲ ನಿಮ್ಮನ್ನು ಕೇಳದೆಯೇ ಒಳಗೆ ಬರಲು ಅದೇ ಎನಿಡೆಸ್ಕ್‌ಗೆ ಒಂದು ಪಾಸ್‌ವರ್ಡ್ ಇಟ್ಟಿರಬಹುದು. ಅಂಥದ್ದೇ ಇನ್ನೊಂದು ಪ್ರೋಗ್ರಾಂ ಹಾಕಿರಬಹುದು. ಕ್ರೋಮ್‌ನ ಸೆಟ್ಟಿಂಗ್ಸ್ ತೆರೆದು ಸೇವ್ ಆದ ಪಾಸ್‌ವರ್ಡ್‌ಗಳನ್ನು ನೋಡಿರಬಹುದು. ವಿಂಡೋಸ್‌ಗೆ ನೀವು ಪಾಸ್‌ವರ್ಡೇ ಇಟ್ಟಿಲ್ಲದಿದ್ದರೆ ಅದಕ್ಕೆ ಅಡ್ಡಿಯೇ ಇಲ್ಲ. ಅವರು ಇದನ್ನೆಲ್ಲ ಮಾಡಿಯೇ ಇದ್ದಾರೆ ಅಂತಲ್ಲ. ಹೆಚ್ಚಿನವರಿಗೆ ಬೇಕಾಗಿರುವುದು ಆ ₹9,999 ಮಾತ್ರ. ಆದರೆ ಮಾಡಿಲ್ಲ ಅಂತ ಸಾಬೀತು ಮಾಡಲು ದಾರಿ ಇಲ್ಲ. ಹಾಗಾಗಿ ಮಾಡಿದ್ದಾರೆ ಎಂದುಕೊಂಡೇ ಮುಂದಿನ ಕೆಲಸ ನೋಡಬೇಕು.

ಬ್ಯಾಂಕ್ ವಿಷಯದಲ್ಲಿ ಒಂದು ಸಮಾಧಾನ ಇದೆ. ನಮ್ಮ ಬ್ಯಾಂಕ್‌ಗಳಲ್ಲಿ ಬರೀ ಪಾಸ್‌ವರ್ಡ್‌ನಿಂದ ದುಡ್ಡು ಸಾಗಿಸುವುದು ಕಷ್ಟ. ಸಾಮಾನ್ಯವಾಗಿ ಫೋನ್‌ಗೆ ಬರುವ ಓಟಿಪಿಯೂ ಬೇಕು. ಅದಕ್ಕೇ ಮೋಸಗಾರರು ಮತ್ತೆ ಮತ್ತೆ ಫೋನ್ ಮಾಡುವುದು. ನೀವು ಓಟಿಪಿ ಹೇಳಿಲ್ಲ, ಅವರು ನೋಡುತ್ತಿದ್ದಾಗ ನೆಟ್ ಬ್ಯಾಂಕಿಂಗ್ ತೆರೆದಿಲ್ಲ ಅಂತಾದರೆ ಖಾತೆ ಸದ್ಯಕ್ಕೆ ಸುರಕ್ಷಿತ. ಆದರೂ ಬ್ಯಾಂಕ್‌ಗೆ ಒಮ್ಮೆ ತಿಳಿಸಿ. ಕಾರ್ಡ್ ನಂಬರ್ ಕೂಡ ಕ್ರೋಮ್‌ನಲ್ಲಿ ಸೇವ್ ಆಗಿದ್ದರೆ ಆ ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ತೆಗೆದುಕೊಳ್ಳಿ.

ಇನ್ನು ನನ್ನ ನಿಜವಾದ ಚಿಂತೆ. ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಬೀಗ ಒಡೆದು ಪುಕ್ಕಟೆ ಮಾಡಿದ ಸಾಫ್ಟ್‌ವೇರ್.

ನಿಮ್ಮ ಮಗನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಬೆಂಗಳೂರಿನ ಡಿಟಿಪಿ ಅಂಗಡಿಗಳಲ್ಲಿ, ಹಾಸ್ಟೆಲ್ ರೂಮುಗಳಲ್ಲಿ ಇದು ಎಷ್ಟು ಸಾಮಾನ್ಯ ಅಂತ ಎಲ್ಲರಿಗೂ ಗೊತ್ತು. ಅಸೆಂಬಲ್ ಮಾಡಿದ ಸಿಸ್ಟಂ ಕೊಳ್ಳುವಾಗ ವಿಂಡೋಸ್, ಆಫೀಸ್ ಎಲ್ಲ ಹಾಕಿಯೇ ಕೊಡಿ ಅಂತ ನಾವೇ ಕೇಳುತ್ತೇವೆ. ದುಡ್ಡು ಕೊಡದೆ ಬಂದ ವಿಂಡೋಸ್ ಅದು ಅಂತ ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಈಗ ಒಂದು ಪ್ರಶ್ನೆ. ಫೋಟೋಶಾಪನ್ನು ಒಡೆದು, ಪುಕ್ಕಟೆ ಮಾಡಿ, ಎಲ್ಲರೂ ಇಳಿಸಿಕೊಳ್ಳಲಿ ಅಂತ ಇಟ್ಟವರಿಗೆ ಏನು ಲಾಭ? ಎಲ್ಲರೂ ಕೆಟ್ಟವರಲ್ಲ. ಆದರೆ ಆ ದಾರಿಯಲ್ಲಿ ಕಾಯುವವರು ತುಂಬ ಜನ ಇದ್ದಾರೆ, ಯಾಕೆಂದರೆ ಅಲ್ಲಿಗೆ ಬರುವವರು ತಾವೇ ಬಾಗಿಲು ತೆಗೆದು ಬರುತ್ತಾರೆ. ಕ್ರ್ಯಾಕ್ ಜೊತೆ ಬರುವ ಚೀಟಿಯಲ್ಲಿ ಮೊದಲ ಸೂಚನೆಯೇ ಆಂಟಿವೈರಸ್ ಆಫ್ ಮಾಡಿ ಎಂದು ಇರುತ್ತದೆ. ಕಂಪ್ಯೂಟರ್ ಕೂಗಿ ಹೇಳಿದರೂ ಅದು ಸುಳ್ಳು ಎಚ್ಚರಿಕೆ, ನಂಬಬೇಡಿ ಎಂದು ಬರೆದಿರುತ್ತದೆ. ಕೆಂಪು ಪರದೆಯ ಸುಳ್ಳನ್ನು ನಂಬಿದ ನಾವು ಡಿಫೆಂಡರ್‌ನ ನಿಜವನ್ನು ನಂಬುವುದಿಲ್ಲ, ವಿಚಿತ್ರ ಅಲ್ವಾ?

ಆ ದಾರಿಯಲ್ಲಿ ಬರುವವು ಮುಖ್ಯವಾಗಿ ಎರಡು ಬಗೆ. ಒಂದು, ರಾನ್ಸಮ್‌ವೇರ್. ಫೈಲ್‌ಗಳನ್ನೆಲ್ಲ ಓದಲಾಗದ ಹಾಗೆ ಗೂಢಲಿಪಿ ಮಾಡಿ, ಬಿಡಿಸಲು ದುಡ್ಡು ಕೇಳುತ್ತದೆ. ಸ್ಟಾಪ್ ಅಥವಾ ಡಿಜೆವಿಯು ಎಂಬ ಹೆಸರಿನ ರಾನ್ಸಮ್‌ವೇರ್ ಮನೆ ಕಂಪ್ಯೂಟರ್‌ಗಳಿಗೆ ಹರಡಿದ್ದೇ ಹೆಚ್ಚಾಗಿ ಕ್ರ್ಯಾಕ್ ಮತ್ತು ದುಡ್ಡು ಕೊಡದ ವಿಂಡೋಸನ್ನು ಅಸಲಿ ಎಂದು ತೋರಿಸುವ ಆಕ್ಟಿವೇಟರ್‌ಗಳ ಮೂಲಕ. ಇದು ಬಂದರೆ ಗೊತ್ತಾಗುತ್ತದೆ, ಯಾಕೆಂದರೆ ಅದಕ್ಕೆ ನಿಮ್ಮ ಗಮನ ಬೇಕು, ದುಡ್ಡು ಬೇಕು. ನಿಮ್ಮ ಫೈಲ್‌ಗಳು ತೆರೆದುಕೊಳ್ಳುತ್ತಿವೆ ಅಂದರೆ ಸದ್ಯ ಇದು ಬಂದಿಲ್ಲ.

ಎರಡನೆಯದು ಇನ್ಫೋಸ್ಟೀಲರ್, ಅಂದರೆ ಮಾಹಿತಿ ಕದಿಯುವ ಪ್ರೋಗ್ರಾಂ. ರೆಡ್‌ಲೈನ್, ರಕೂನ್, ವಿಡಾರ್ ಎಂಬ ಹೆಸರುಗಳು ನಮ್ಮ ಕೆಲಸದವರಿಗೆ ಚೆನ್ನಾಗಿ ಪರಿಚಯ. ಇದು ಕಂಪ್ಯೂಟರನ್ನು ನಿಧಾನ ಮಾಡುವುದಿಲ್ಲ. ಫೈಲ್ ಕೆಡಿಸುವುದಿಲ್ಲ. ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್, ಕಾರ್ಡ್ ವಿವರ, ಕುಕೀ ಎಲ್ಲವನ್ನೂ ಗಂಟು ಕಟ್ಟಿ ಕಳಿಸಿ, ಕೆಲವು ಸಲ ತಾನೇ ಅಳಿಸಿಹೋಗುತ್ತದೆ. ಆಮೇಲೆ ಸ್ಕ್ಯಾನ್ ಮಾಡಿದರೂ ಏನೂ ಸಿಗುವುದಿಲ್ಲ.

ಕುಕೀ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಒಮ್ಮೆ ಜಿಮೇಲ್‌ಗೆ ಲಾಗಿನ್ ಆದಮೇಲೆ ಪ್ರತಿ ಸಲ ಪಾಸ್‌ವರ್ಡ್ ಕೇಳುವುದಿಲ್ಲ. ಲಾಗಿನ್ ಆಗಿದ್ದಾರೆ ಎಂಬ ಗುರುತನ್ನು ಬ್ರೌಸರ್ ತನ್ನ ಬಳಿ ಇಟ್ಟುಕೊಂಡಿರುತ್ತದೆ. ಅದು ನಮ್ಮ ಮೆಟ್ರೋ ಟೋಕನ್ ಇದ್ದ ಹಾಗೆ. ಟೋಕನ್ ಇಟ್ಟರೆ ಗೇಟ್ ತೆರೆಯುತ್ತದೆ, ಕೊಂಡವರು ಯಾರು ಅಂತ ಕೇಳುವುದಿಲ್ಲ. ಆ ಗುರುತು ಕದ್ದವರಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಅದಕ್ಕೇ ಪಾಸ್‌ವರ್ಡ್ ಬದಲಿಸಿದರೆ ಮಾತ್ರ ಸಾಲದು. ಫೋನ್‌ನಲ್ಲಿ ಗೂಗಲ್ ಖಾತೆಯ ಸೆಕ್ಯುರಿಟಿ ಭಾಗಕ್ಕೆ ಹೋಗಿ. ಯುವರ್ ಡಿವೈಸಸ್ ಎಂಬ ಕಡೆ ಎಲ್ಲೆಲ್ಲಿ ಲಾಗಿನ್ ಆಗಿದೆ ಅಂತ ಪಟ್ಟಿ ಇರುತ್ತದೆ. ಕೈಯಲ್ಲಿರುವ ಫೋನ್ ಬಿಟ್ಟು ಉಳಿದದ್ದನ್ನೆಲ್ಲ ಸೈನ್ ಔಟ್ ಮಾಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲೂ ಹಾಗೇ ಮಾಡಿ. ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ನೋಡಿ, ಅಂಗಡಿಯ ಕಂಪ್ಯೂಟರನ್ನು ತೆಗೆಯಿರಿ. ಆಮೇಲೆ ಗೂಗಲ್‌ನಲ್ಲಿ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಜೊತೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ, ಆನ್ ಮಾಡಿ.

ನನ್ನಂಥ ಬಡವಳ ಕಂಪ್ಯೂಟರ್ ಯಾರಿಗೆ ಬೇಕು ಅನ್ನುವವರು ಬಹಳ ಜನ. ಯಾರೂ ನಿಮ್ಮನ್ನು ಆರಿಸಿಕೊಂಡು ಬಂದಿಲ್ಲ. ಬಲೆ ಹಾಕಿದ್ದಾರೆ, ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಮಾರುತ್ತಾರೆ. ಅದರಲ್ಲಿ ದೊಡ್ಡ ಕಂಪನಿಯ ಮ್ಯಾನೇಜರ್ ಪಾಸ್‌ವರ್ಡೂ ಇರುತ್ತದೆ, ಚಾಮರಾಜಪೇಟೆಯ ಡಿಟಿಪಿ ಅಂಗಡಿಯದೂ ಇರುತ್ತದೆ.

ಈಗ ನಿಮ್ಮ ಮೂವರು ಸಲಹೆಗಾರರ ಮಾತು ನೋಡೋಣ.

ಮೈದುನ ಹೇಳಿದ ಆಂಟಿವೈರಸ್. ದುಡ್ಡು ಕೊಡಬೇಕಿಲ್ಲ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು. ಅದರ ಮೇಲೆ ಇನ್ನೊಂದು ಹಾಕಿದರೆ ಸಾಮಾನ್ಯವಾಗಿ ಡಿಫೆಂಡರ್ ತಾನೇ ಹಿಂದೆ ಸರಿಯುತ್ತದೆ, ಎರಡು ಪಟ್ಟು ರಕ್ಷಣೆ ಏನೂ ಸಿಗುವುದಿಲ್ಲ. ಆದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಒಂದು ಕಡೆ ತಪ್ಪದೆ ನೋಡಿ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್‌ಗೆ ಹೋಗಿ, ಕೆಳಗೆ ಎಕ್ಸ್‌ಕ್ಲೂಷನ್ಸ್ ಅಂತ ಇರುತ್ತದೆ. ಈ ಜಾಗ ನೋಡಬೇಡ ಎಂದು ಡಿಫೆಂಡರ್‌ಗೆ ಹೇಳಿದ ಪಟ್ಟಿ ಅದು. ಕ್ರ್ಯಾಕ್ ಹಾಕುವಾಗ ಅಲ್ಲಿ ಒಂದು ಫೋಲ್ಡರ್ ಸೇರಿಸುತ್ತಾರೆ. ಕೆಲವು ಆಕ್ಟಿವೇಟರ್‌ಗಳು ಸಿ ಡ್ರೈವ್ ಪೂರ್ತಿ ಸೇರಿಸಿಬಿಟ್ಟಿರುತ್ತವೆ. ಅಂಥ ಕಂಪ್ಯೂಟರ್‌ನಲ್ಲಿ ಸ್ಕ್ಯಾನ್ ಮಾಡಿ ಎಲ್ಲ ಸರಿ ಇದೆ ಎಂದು ಹಸಿರು ಟಿಕ್ ಬಂದರೆ ಅದಕ್ಕೆ ಅರ್ಥವೇ ಇಲ್ಲ.

ಪಕ್ಕದ ಮನೆ ಹುಡುಗ ಹೇಳಿದ ಫಾರ್ಮ್ಯಾಟ್. ಸಾಮಾನ್ಯವಾಗಿ ಈ ಸಲಹೆ ನನಗೆ ಇಷ್ಟವಾಗುವುದಿಲ್ಲ. ಸಣ್ಣ ತೊಂದರೆಗೂ ಫಾರ್ಮ್ಯಾಟ್ ಹೊಡೆದು ಜನರ ಫೋಟೋ ಎಲ್ಲ ಕಳೆದವರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ನಿಮ್ಮ ವಿಷಯದಲ್ಲಿ ಹುಡುಗ ಹೇಳಿದ್ದೇ ಸರಿ. ಅಪರಿಚಿತರು ಅರ್ಧ ಗಂಟೆ ಒಳಗಿದ್ದರು, ಕ್ರ್ಯಾಕ್‌ಗಳು ಮೊದಲೇ ಇವೆ. ಬರೀ ಸ್ವಚ್ಛ ಮಾಡುವ ದಾರಿಯೂ ಇದೆ. ಎನಿಡೆಸ್ಕ್ ತೆಗೆಯುವುದು, ಇನ್‌ಸ್ಟಾಲ್ ಆದ ಪ್ರೋಗ್ರಾಂಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಆ ದಿನ ಬಂದದ್ದನ್ನೆಲ್ಲ ಕಿತ್ತುಹಾಕುವುದು, ಎಕ್ಸ್‌ಕ್ಲೂಷನ್ ಅಳಿಸುವುದು, ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಮಾಡುವುದು. ಆಫ್‌ಲೈನ್ ಸ್ಕ್ಯಾನ್ ಅಂದರೆ ವಿಂಡೋಸ್ ಶುರುವಾಗುವ ಮೊದಲೇ ನಡೆಯುವ ತಪಾಸಣೆ. ಬಚ್ಚಿಟ್ಟುಕೊಳ್ಳುವ ಪ್ರೋಗ್ರಾಂಗಳು ಆಗ ಎದ್ದಿರುವುದಿಲ್ಲ. ಇದು ಒಂದು ಸಂಜೆಯ ಕೆಲಸ, ಖರ್ಚಿಲ್ಲ. ಆದರೆ ಏನೋ ಒಂದು ಉಳಿದುಕೊಂಡಿದೆಯೇನೋ ಎಂಬ ಅನುಮಾನ ಹೋಗುವುದಿಲ್ಲ. ಗಿರಾಕಿಗಳ ಕಾಗದಪತ್ರ ಬರುವ ಕಂಪ್ಯೂಟರ್‌ನಲ್ಲಿ ಆ ಅನುಮಾನ ಇಟ್ಟುಕೊಂಡು ಕೆಲಸ ಮಾಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಫಾರ್ಮ್ಯಾಟ್ ಮಾಡಿಸುವಾಗ ಎರಡು ಎಚ್ಚರಿಕೆ. ಮೊದಲು ನಿಮ್ಮ ಡಿಸೈನ್, ಪತ್ರ, ಫೋಟೋ ಮಾತ್ರ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿಕೊಳ್ಳಿ. ಸೆಟಪ್ ಫೈಲ್‌ಗಳು ಇರುವ ಫೋಲ್ಡರ್ ಮುಟ್ಟಬೇಡಿ. ಕ್ರ್ಯಾಕ್ ಅಲ್ಲಿಯೇ ಇರುತ್ತದೆ, ಮತ್ತೆ ಅದನ್ನೇ ಹಾಕಿದರೆ ಎಲ್ಲ ಕೆಲಸ ವ್ಯರ್ಥ. ಇನ್ನೊಂದು, ಹಾಕುವ ವಿಂಡೋಸ್ ಮೈಕ್ರೋಸಾಫ್ಟ್‌ನ ತಾಣದಿಂದಲೇ ಇಳಿಸಿದ್ದಾಗಿರಲಿ. ರಿಪೇರಿಯವರ ಜೇಬಿನ ಪೆನ್‌ಡ್ರೈವ್‌ನಲ್ಲಿರುವುದು ಬೇಡ. ಫಾರ್ಮ್ಯಾಟ್‌ಗೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ನೋಡಿ. ಡಿಜಿಟಲ್ ಲೈಸೆನ್ಸ್ ಅಂತಿದ್ದರೆ ಅದು ನಿಮ್ಮ ಮದರ್‌ಬೋರ್ಡ್‌ಗೇ ಅಂಟಿಕೊಂಡಿರುತ್ತದೆ, ಹೊಸದಾಗಿ ಹಾಕಿದ ಮೇಲೆ ಕೀ ಕೇಳದೆ ತಾನೇ ಆಕ್ಟಿವೇಟ್ ಆಗುತ್ತದೆ.

ಗಿರಾಕಿ ಹೇಳಿದ ವಿಂಡೋಸ್ 10 ಮಾತು ಅರ್ಧ ನಿಜ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ನಡೆಯುತ್ತದೆ, ಆದರೆ ಹೊಸದಾಗಿ ಕಂಡುಬಂದ ತೂತುಗಳನ್ನು ಮುಚ್ಚುವ ಅಪ್‌ಡೇಟ್ ಬರುವುದಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2017ರ ಮೇ 12ರಂದು ವಾನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿತು. ಯಾರೂ ಏನೂ ಕ್ಲಿಕ್ ಮಾಡದೆಯೇ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹಾರಿತು. ಅದು ಬಳಸಿದ ತೂತನ್ನು ಮುಚ್ಚುವ ಅಪ್‌ಡೇಟ್ ಅದೇ ವರ್ಷ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಪ್‌ಡೇಟ್ ಬಂದರೆ ಕಂಪ್ಯೂಟರ್ ಸ್ಲೋ ಆಗುತ್ತದೆ ಅಂತ ನಿಲ್ಲಿಸಿಟ್ಟ ಅಂಗಡಿಗಳು ನಮ್ಮಲ್ಲಿ ಈಗಲೂ ಇವೆ.

ಹಾಗಂತ ಬಿಸಾಕಬೇಕಿಲ್ಲ. ಅಸಲಿ ವಿಂಡೋಸ್ 10 ಇದ್ದರೆ, 22ಎಚ್2 ಆವೃತ್ತಿ ಆಗಿದ್ದರೆ, ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಪಡೆಯುವ ಯೋಜನೆ ಇದೆ. ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಲಿಂಕ್ ಕಾಣುತ್ತದೆ, ಮೈಕ್ರೋಸಾಫ್ಟ್ ಖಾತೆ ಬೇಕು. ವಿಂಡೋಸ್ 11 ಆಗಬೇಕಾದರೆ ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು. ನಿಮ್ಮದು ಅದಕ್ಕಿಂತ ಹಳೆಯದಾಗಿದ್ದರೆ ಸುತ್ತುದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಅಂಗಡಿ ನಡೆಸುವ ಕಂಪ್ಯೂಟರ್‌ಗೆ ಅದು ಬೇಡ. ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವುದೇ ಆದರೆ ಕೊಳ್ಳುವ ಮೊದಲು ಟಿಪಿಎಂ, ಪ್ರೊಸೆಸರ್ ಎರಡರ ವಿವರವನ್ನೂ ಸ್ಕ್ರೀನ್ ಮೇಲೆ ತೆರೆದು ತೋರಿಸಲು ಹೇಳಿ. ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಒಳ್ಳೆಯದೇ, ಪುಕ್ಕಟೆ. ಬರೀ ಇಂಟರ್ನೆಟ್ ನೋಡುವವರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ. ಕೋರಲ್ ಡ್ರಾ, ನುಡಿ ನಂಬಿಕೊಂಡ ನಿಮಗೆ ಹೇಳುವುದಿಲ್ಲ.

ಕೋರಲ್ ಡ್ರಾಗೆ ದುಡ್ಡು ಕೊಡಲಾಗದಿದ್ದರೆ ಇಂಕ್‌ಸ್ಕೇಪ್, ಫೋಟೋಶಾಪ್ ಬದಲು ಗಿಂಪ್, ಪೇಜ್‌ಮೇಕರ್ ಬದಲು ಸ್ಕ್ರೈಬಸ್. ಮೂರೂ ಕಾನೂನುಬದ್ಧವಾಗಿ ಉಚಿತ. ಯೂನಿಕೋಡ್ ಕನ್ನಡದಲ್ಲಿ ಕೆಲಸ ಮಾಡಬಹುದು. ಕೈ ಕೂರಲು ಸ್ವಲ್ಪ ದಿನ ಬೇಕು, ಹಳೆಯ ಫೈಲ್‌ಗಳೆಲ್ಲ ಸರಿಯಾಗಿ ತೆರೆಯುವುದಿಲ್ಲ. ಅದು ನಿಜವಾದ ನಷ್ಟ, ಇಲ್ಲ ಅನ್ನುವುದಿಲ್ಲ. ಕನ್ನಡ ಟೈಪ್ ಮಾಡಲು ಮಾತ್ರವಾದರೆ ಯಾವುದನ್ನೂ ಇಳಿಸಬೇಕಿಲ್ಲ. ವಿಂಡೋಸ್‌ನ ಭಾಷೆ ಸೆಟ್ಟಿಂಗ್ಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ. ನುಡಿಯೇ ಬೇಕಾದರೆ ಅದು ಸರ್ಕಾರ ಉಚಿತವಾಗಿ ಕೊಟ್ಟ ತಂತ್ರಾಂಶ, ಅದನ್ನು ಮಾಡಿದ ಕನ್ನಡ ಗಣಕ ಪರಿಷತ್ತಿನ ತಾಣದಿಂದ ತೆಗೆದುಕೊಳ್ಳಿ. ಹುಡುಕಿದಾಗ ಮೇಲೆ ಬರುವ ಒಂದೆರಡು ಸಾಲು ಜಾಹೀರಾತು ಆಗಿರುತ್ತದೆ. ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಕೂಡ ಎಷ್ಟೋ ಕಡೆ ಜಾಹೀರಾತೇ. ನಿಜವಾದ ಲಿಂಕ್ ಕೆಳಗೆ ಚಿಕ್ಕದಾಗಿ ಇರುತ್ತದೆ. ನಿಮ್ಮ ಕಥೆ ಶುರುವಾಗಿದ್ದು ಬಹುಶಃ ಅಲ್ಲಿಂದಲೇ.

ಪೆನ್‌ಡ್ರೈವ್. ನಿಮ್ಮಂಥ ಅಂಗಡಿಗಳಿಗೆ ಇದು ದಿನದ ತಲೆನೋವು. ಮೊದಲೆಲ್ಲ ಚುಚ್ಚಿದ ಕೂಡಲೇ ವೈರಸ್ ತಾನೇ ಓಡುತ್ತಿತ್ತು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್‌ಡ್ರೈವ್‌ನಿಂದ ತಾನಾಗಿ ಓಡುವ ಸೌಲಭ್ಯ ನಿಲ್ಲಿಸಿತು. ಹಾಗಾಗಿ ಈಗ ಸಾಮಾನ್ಯವಾಗಿ ನೀವು ಕ್ಲಿಕ್ ಮಾಡಬೇಕು, ಕ್ಲಿಕ್ ಮಾಡಿಸುವುದೇ ಅದರ ಜಾಣತನ. ಪೆನ್‌ಡ್ರೈವ್ ತೆರೆದರೆ ಫೋಲ್ಡರ್‌ಗಳ ಮೂಲೆಯಲ್ಲಿ ಚಿಕ್ಕ ಬಾಣ ಕಾಣುತ್ತದೆಯೇ? ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ಅಸಲಿ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಒತ್ತಿದರೆ ವೈರಸ್ಸೂ ಓಡುತ್ತದೆ, ಫೋಲ್ಡರೂ ತೆರೆಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಫೈಲ್ ಎಲ್ಲ ಹೋಯಿತು ಅಂತ ಗಿರಾಕಿ ಅಳುತ್ತಾ ಬಂದರೆ ಹೆಚ್ಚಿನ ಸಲ ಹೋಗಿರುವುದಿಲ್ಲ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ ತೋರಿಸು ಎಂದು ಕೊಟ್ಟು, ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್ ಎಂಬ ಟಿಕ್ಕನ್ನೂ ತೆಗೆದರೆ ಮಸುಕಾಗಿ ಕಾಣುತ್ತವೆ.

ಅದೇ ಜಾಗದಲ್ಲಿ ಫೈಲ್ ಹೆಸರಿನ ಬಾಲ, ಅಂದರೆ ಎಕ್ಸ್‌ಟೆನ್ಷನ್, ತೋರಿಸುವ ಆಯ್ಕೆಯೂ ಇದೆ. ಆನ್ ಮಾಡಿ. ವಿಂಡೋಸ್ ಈ ಬಾಲವನ್ನು ಅಡಗಿಸಿಯೇ ಬರುತ್ತದೆ. 2000ದ ಮೇ ತಿಂಗಳಲ್ಲಿ ಐ ಲವ್ ಯೂ ಎಂಬ ಮೇಲ್ ವೈರಸ್ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಹರಡಿದ್ದು ಇದೇ ಕಾರಣಕ್ಕೆ. ಪ್ರೇಮಪತ್ರದ ಟಿಎಕ್ಸ್‌ಟಿ ಫೈಲ್ ಅಂತ ಜನ ತೆರೆದರು. ನಿಜವಾದ ಬಾಲ ವಿಬಿಎಸ್, ಅಂದರೆ ಪ್ರೋಗ್ರಾಂ. ಇಷ್ಟು ವರ್ಷದ ಮೇಲೂ ಅದೇ ಸೆಟ್ಟಿಂಗ್ ಹಾಗೇ ಇರುವುದು ನನಗೆ ಇವತ್ತಿಗೂ ಅರ್ಥವಾಗದ ವಿಷಯ. ಪಿಡಿಎಫ್ ಅಂತ ಕಾಣುವ ಫೈಲ್‌ನ ಕೊನೆಯಲ್ಲಿ ಇಎಕ್ಸ್‌ಇ, ಎಸ್‌ಸಿಆರ್ ಅಥವಾ ವಿಬಿಎಸ್ ಇದ್ದರೆ ತೆರೆಯಬೇಡಿ.

ಸಣ್ಣಪುಟ್ಟ ನಂಬಿಕೆಗಳು ಇನ್ನೂ ಇವೆ. ಕಂಪ್ಯೂಟರ್ ನಿಧಾನ ಅಂದರೆ ವೈರಸ್ಸೇ ಅಂತಲ್ಲ, ಹೆಚ್ಚಾಗಿ ಹಳೆಯ ಹಾರ್ಡ್ ಡಿಸ್ಕ್ ಕಾರಣ. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನೋಡಿದ ಪುಟಗಳ ದಾಖಲೆ ಇಡದ ಇನ್‌ಕಾಗ್ನಿಟೋ ಕಿಟಕಿ ವೈರಸ್ ತಡೆಯುವುದಿಲ್ಲ. ವಿಳಾಸದ ಪಕ್ಕ ಬೀಗದ ಗುರುತಿದ್ದರೆ ತಾಣ ಅಸಲಿ ಅಂತಲ್ಲ, ಕಳ್ಳರ ತಾಣಕ್ಕೂ ಬೀಗ ಪುಕ್ಕಟೆ ಸಿಗುತ್ತದೆ. ಬ್ಯಾಂಕ್‌ನ ತಾಣ ಗುರುತಿಸಲು ಅದಕ್ಕಿಂತ ಒಳ್ಳೆಯ ದಾರಿ ಈಗ ಇದೆ. ರಿಸರ್ವ್ ಬ್ಯಾಂಕ್ ಸೂಚನೆಯಂತೆ 2025ರ ಅಕ್ಟೋಬರ್ ಕೊನೆಯೊಳಗೆ ನಮ್ಮ ಬ್ಯಾಂಕ್‌ಗಳ ವಿಳಾಸ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಯಾಗಬೇಕಿತ್ತು. ಆ ಬಾಲ ನೋಡಿ. ಪಾಸ್‌ವರ್ಡ್ ಪುಸ್ತಕದಲ್ಲಿ ಬರೆಯಬಾರದು ಅಂತಾರಲ್ಲ, ಅದೂ ಹಳೇ ಮಾತು. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಬೇರೆ ಬೇರೆ ಇಟ್ಟು ಡೈರಿಯಲ್ಲಿ ಬರೆದು ಬೀರುವಿನಲ್ಲಿ ಇಡುವುದು ಎಷ್ಟೋ ಮೇಲು. ಅಂಗಡಿಯ ಮೇಜಿನ ಮೇಲೆ ಮಾತ್ರ ಬೇಡ.

ನಿಮ್ಮ ನಂಬರ್ ಅವರ ಹತ್ತಿರ ಇದೆ, ಮತ್ತೆ ಫೋನ್ ಬರಬಹುದು. ಈ ಸಲ ಬೇರೆ ವೇಷ. ನಿಮ್ಮ ದುಡ್ಡು ವಾಪಸ್ ಕೊಡುತ್ತೇವೆ ಎಂದು ನೆಟ್ ಬ್ಯಾಂಕಿಂಗ್ ತೆರೆಸುವುದು ಒಂದು. ನಿಮ್ಮ ಕಂಪ್ಯೂಟರ್‌ನಿಂದ ಅಪರಾಧ ನಡೆದಿದೆ, ನಾವು ಪೊಲೀಸ್, ವಿಡಿಯೋ ಕಾಲ್ ಬಿಟ್ಟು ಏಳಬೇಡಿ ಅನ್ನುವುದು ಇನ್ನೊಂದು. ಹೀಗೆ ವಿಡಿಯೋ ಕಾಲ್‌ನಲ್ಲೇ ಕೂಡಿಹಾಕುವ ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಕನ್ನಡದಲ್ಲಿ ಅಚ್ಚುಕಟ್ಟಾಗಿ ಮಾತಾಡಿದರೂ ನಂಬಬೇಡಿ. ಫೋನ್ ಇಟ್ಟುಬಿಡಿ, ಉತ್ತರ ಕೊಡುವ ಋಣ ನಿಮಗಿಲ್ಲ.

ಮುಂದೆ ಯಾವತ್ತಾದರೂ ದುಡ್ಡು ಹೋದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕ್‌ಗೆ. ಮನೆಯವರಿಗೆ ಹೇಳಲು ನಾಚಿಕೆಪಟ್ಟು ಸಂಜೆವರೆಗೆ ಕೂರಬೇಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ, ಬೇಗ ಹೇಳಿದಷ್ಟೂ ಮಧ್ಯದಲ್ಲಿ ತಡೆಯುವ ಅವಕಾಶ ಜಾಸ್ತಿ. ರಿಸರ್ವ್ ಬ್ಯಾಂಕ್‌ನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದ ಹೋದ ಹಣವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಓಟಿಪಿ ನೀವೇ ಹೇಳಿದ್ದರೆ ಬ್ಯಾಂಕ್‌ಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಲಿಖಿತ ದೂರಿಗೆ ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್ ತಾಣವಿದೆ. ಬೆಂಗಳೂರಿನಲ್ಲಿ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆಗಳೂ ವಿಭಾಗವಾರು ಇವೆ. ಆ ಫೋನ್ ನಂಬರ್ ಮತ್ತು ಕರೆ ಮಾಡಿದ ಸಮಯ ಈಗಲೇ ಬರೆದಿಟ್ಟುಕೊಳ್ಳಿ.

ನೀವು ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಪ್ರಿಂಟ್‌ಗೆ ಅಂತ ಜನ ಕಳಿಸಿದ ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್ ಎಷ್ಟು ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇವೆ, ಒಮ್ಮೆ ನೋಡಿ. ಇಂಥ ಅಂಗಡಿಗಳಲ್ಲಿ ವರ್ಷಗಟ್ಟಲೆಯದು ಇರುತ್ತದೆ. ಆ ಅರ್ಧ ಗಂಟೆಯಲ್ಲಿ ಅವೂ ಅವರ ಕಣ್ಣೆದುರು ಇದ್ದವು. ಬ್ಯಾಕಪ್ ತೆಗೆಯುವಾಗ ಅವನ್ನು ಹೊಸ ಡಿಸ್ಕ್‌ಗೆ ಹೊತ್ತುಕೊಂಡು ಹೋಗಬೇಡಿ. ಬಾಡಿಗೆ ಕರಾರಿನಂಥ ಕೆಲಸಕ್ಕೆ ಬಂದವರಿಗೆ ಮಾಸ್ಕ್ಡ್ ಆಧಾರ್ ನಡೆಯುತ್ತದೆಯಾ ಎಂದು ಕೇಳಿ ನೋಡಿ ಅನ್ನಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಇರುತ್ತದೆ, ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ತಾಣದಲ್ಲೇ ಸಿಗುತ್ತದೆ. ಹೊಸ ವಿಂಡೋಸ್ ಹಾಕಿದ ಮೇಲೆ ಗಿರಾಕಿಗಳ ಫೈಲ್‌ಗೆ ಒಂದೇ ಫೋಲ್ಡರ್ ಮಾಡಿ. ಅಂಗಡಿ ಮುಚ್ಚುವಾಗ ಅದನ್ನು ಖಾಲಿ ಮಾಡಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ, ವಾಟ್ಸಾಪ್ ವೆಬ್‌ನಿಂದ ಲಾಗ್ ಔಟ್ ಆಗಿ.